ಓಣಿಯ ಗೋಡೆಗೆ ಚಿತ್ರ: ಕಲಾವಿದರೂ ಹವ್ಯಾಸಿಗಳೂ ಕೂಡಿ ಬಿಡಿಸುವುದು ಹೇಗೆ?

"ನಮ್ಮ ಓಣಿಯ ಶಾಲೆ ಗೋಡೆ ಖಾಲಿ ಬಿದ್ದಿದೆ, ಚಿತ್ರ ಬಿಡಿಸೋಣ ಅಂತಿದ್ದೇವೆ. ಕಲಾವಿದರನ್ನು ಕರೆಸಬೇಕಾ, ನಾವೇ ಮಾಡಬಹುದಾ?" ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಒಂದು ದೂರೂ ಬರುತ್ತದೆ: "ಕಲಾವಿದರು ಬಂದರು, ನಮ್ಮ ಕೈಗೆ ಬ್ರಷ್ ಕೊಟ್ಟರು, ಸಂಜೆಗೆ ನಾವು ಬಿಡಿಸಿದ್ದನ್ನೆಲ್ಲ ಮುಚ್ಚಿ ತಾವೇ ಬಿಡಿಸಿದರು." ಕಲಾವಿದರ ದೂರು ಬೇರೆ: "ಕರೆಯುವಾಗ ಸಮಾಜಸೇವೆ ಅಂದರು. ವಾರಗಟ್ಟಲೆ ದುಡಿಸಿಕೊಂಡು ಕೊನೆಗೆ ಶಾಲು ಹೊದಿಸಿ ಕಳಿಸಿದರು."

ಎರಡು ದೂರಿಗೂ ಮದ್ದು ಒಂದೇ. ಯಾವ ನಿರ್ಧಾರ ಯಾರದ್ದು ಅನ್ನುವುದು ಬಣ್ಣದ ಡಬ್ಬಿ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಉಳಿದದ್ದೆಲ್ಲ ಪುಟ್ಟಿ, ಪ್ರೈಮರ್, ಅಳತೆ. ಅದನ್ನು ಕಲಿಯುವುದು ಕಷ್ಟವಲ್ಲ.

ಹಾಗೆ ನೋಡಿದರೆ ನಮ್ಮ ಭಾಗಕ್ಕೆ ಈ ಕೂಡುಕೆಲಸ ಹೊಸದೂ ಅಲ್ಲ. ಜಾತ್ರೆಗೆ ನಾಟಕ ಆಡುವ ಯಾವುದೇ ಹಳ್ಳಿಗೆ ಹೋಗಿ. ಪಾತ್ರ ಮಾಡುವವರು ಊರವರೇ. ಕಲಿಸಲು ಹೊರಗಿನಿಂದ ನಾಟಕದ ಮಾಸ್ತರ ಬರುತ್ತಾರೆ. ಸ್ತ್ರೀ ಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ಯಾರಿಗೆ ಎಷ್ಟು ಸಂಭಾವನೆ, ಯಾರಿಗೆ ಯಾವ ಪಾತ್ರ, ಎಲ್ಲ ಮೊದಲೇ ಮಾತಾಗಿರುತ್ತದೆ. ಗೋಡೆ ಚಿತ್ರಕ್ಕೆ ಬಂದಾಗ ಮಾತ್ರ ಯಾಕೋ ಈ ಬುದ್ಧಿ ಕೈಕೊಡುತ್ತದೆ.

ಲೆಕ್ಕಕ್ಕೆ ಸುಲಭ ಆಗಲಿ ಅಂತ ಇಲ್ಲಿ 30 ಅಡಿ ಉದ್ದ, 8 ಅಡಿ ಎತ್ತರದ ಒಂದು ಕಂಪೌಂಡ್ ಗೋಡೆಯನ್ನು ಇಟ್ಟುಕೊಳ್ಳೋಣ. ಅಂದರೆ 240 ಚದರ ಅಡಿ. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ.

ಇನ್ನು, ಈ ಲೇಖನದಲ್ಲಿ ವೃತ್ತಿಪರರು ಅಂದರೆ ಕಲೆಯಿಂದ ಹೊಟ್ಟೆ ಹೊರೆಯುವವರು. ಪದವಿ ಇರಲಿ, ಬಿಡಲಿ. ಹವ್ಯಾಸಿಗಳು ಅಂದರೆ ಬೇರೆ ಕೆಲಸ ಮಾಡುತ್ತ ಇಷ್ಟಕ್ಕಾಗಿ ಚಿತ್ರ, ರಂಗೋಲಿ, ಕಸೂತಿ ಮಾಡುವವರು. ಸಮುದಾಯ ಕಲೆ ಅಂದರೆ ಆ ಜಾಗದ ಜನರೇ ವಿಷಯ ಆರಿಸಿ, ಕೈಹಚ್ಚಿ ಮಾಡುವ ಕೆಲಸ. ಕಲಾವಿದರು ಬಂದು ಬಿಡಿಸಿ ಹೋದರೆ ಅದು ಒಳ್ಳೆಯ ಚಿತ್ರ ಆಗಬಹುದು, ಸಮುದಾಯ ಕಲೆ ಆಗುವುದಿಲ್ಲ.

ಹಂತ 1: ಜನರನ್ನು ಕೂಡಿಸಿ

30 ಅಡಿ ಗೋಡೆಗೆ ಹನ್ನೆರಡರಿಂದ ಹದಿನೈದು ಜನ ಸಾಕು. ಅದರಲ್ಲಿ ಇಬ್ಬರು ವೃತ್ತಿಪರರು ಇರಲಿ. ಒಬ್ಬರು ಏಳೆಂಟು ಜನರ ಕೈಕೆಲಸ ನೋಡಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಆದರೆ ಅವರು ಚಿತ್ರ ಬಿಟ್ಟು ಜನರನ್ನು ಕಾಯುತ್ತ ನಿಲ್ಲಬೇಕಾಗುತ್ತದೆ.

ಇವರನ್ನು ಎಲ್ಲಿ ಹುಡುಕುವುದು? ಧಾರವಾಡದಲ್ಲಿ ಕಲಾವಿದ ಡಿ.ವಿ. ಹಾಲಭಾವಿ ಅವರ ಕಾಲದಿಂದಲೂ ಚಿತ್ರಕಲಾ ಶಿಕ್ಷಣ ನಡೆದುಬಂದಿದೆ, ಸರ್ಕಾರಿ ಚಿತ್ರಕಲಾ ಕಾಲೇಜಿದೆ. ಗದಗಿನಲ್ಲಿ ಟಿ.ಪಿ. ಅಕ್ಕಿ ಅವರು ಕಟ್ಟಿದ ವಿಜಯ ಕಲಾ ಮಂದಿರವಿದೆ. ಇಂಥ ಕಡೆ ಕಲಿತು ಬಂದವರು ಈ ನಾಲ್ಕೂ ಊರಲ್ಲಿ ಸಿಗುತ್ತಾರೆ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರನ್ನು ಕೇಳಿ. ಲೋವರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸಾಗಿ ಆಮೇಲೆ ಬ್ರಷ್ ಮುಟ್ಟದೇ ಕುಳಿತವರು ಯಾರ‍್ಯಾರು ಅನ್ನುವುದು ಅವರಿಗೆ ಬಾಯಿಪಾಠ ಇರುತ್ತದೆ.

ಒಬ್ಬರನ್ನು ಮಾತ್ರ ಬಿಡಬೇಡಿ: ಬೋರ್ಡ್ ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಇವರ ಕೆಲಸ ಕಡಿಮೆ ಆಗಿದೆ, ಕೈ ಕಡಿಮೆ ಆಗಿಲ್ಲ. ಬಿಸಿಲಲ್ಲಿ, ಏಣಿ ಮೇಲೆ, ಒರಟು ಗೋಡೆಗೆ ಬಣ್ಣ ಹಚ್ಚುವುದು ಇವರಿಗೆ ಗೊತ್ತು. ಕ್ಯಾನ್ವಾಸ್ ಮೇಲೆ ಬಿಡಿಸಿ ರೂಢಿಯಾದವರಿಗೆ ಅದು ಎಷ್ಟೋ ಸಲ ಗೊತ್ತಿರುವುದಿಲ್ಲ. ಇವರನ್ನು ಹವ್ಯಾಸಿಗಳ ಪಟ್ಟಿಗೆ ಸೇರಿಸಿ "ಸ್ವಲ್ಪ ಸಹಾಯ ಮಾಡಿ ಅಣ್ಣಾ" ಅನ್ನುವುದು ದೊಡ್ಡ ತಪ್ಪು. ಅವರು ಒಂದು ದಿನ ನಿಮ್ಮ ಗೋಡೆಗೆ ಬಂದರೆ ಆ ದಿನದ ಪಗಾರ ಹೋಗುತ್ತದೆ.

ಹಂತ 2: ನಿರ್ಧಾರಗಳನ್ನು ಹಂಚಿಕೊಳ್ಳಿ

ಮೊದಲ ಸಭೆಯಲ್ಲಿ ಚಿತ್ರದ ಮಾತು ಬೇಡ. ಒಂದು ದೊಡ್ಡ ಹಾಳೆ ಅಂಟಿಸಿ, ಯಾವ ವಿಚಾರದಲ್ಲಿ ಕೊನೆಯ ಮಾತು ಯಾರದ್ದು ಅಂತ ಬರೆಯಿರಿ. ಹೆಚ್ಚುಕಡಿಮೆ ಹೀಗಿರಲಿ:

- ವಿಷಯ ಏನು, ಏನು ಬೇಡ: ಓಣಿಯವರು.
- ರಚನೆ, ಅಂದರೆ ಯಾವುದು ಎಲ್ಲಿ, ಎಷ್ಟು ದೊಡ್ಡದು: ಮುಖ್ಯ ಕಲಾವಿದರು.
- ಬಣ್ಣಗಳ ಪಟ್ಟಿ: ಕಲಾವಿದರು ಎರಡು ಮೂರು ಮಾದರಿ ಕೊಡುತ್ತಾರೆ, ಓಣಿಯವರು ಆರಿಸುತ್ತಾರೆ.
- ಗೋಡೆ ತಯಾರಿ, ಸಾಮಾನು ಖರೀದಿ, ಏಣಿ: ಪೇಂಟರ್.
- ಯಾವ ಭಾಗ ಯಾರು ಬಿಡಿಸಬೇಕು: ಕಲಾವಿದರು, ಆಯಾ ವ್ಯಕ್ತಿಯನ್ನು ಕೇಳಿ.
- ಖರ್ಚು: ಇಬ್ಬರು ಓಣಿಯವರು, ಒಬ್ಬ ಕಲಾವಿದರು ಸೇರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. "ಕಲೆಯ ವಿಚಾರವೆಲ್ಲ ಕಲಾವಿದರಿಗೆ, ಉಳಿದದ್ದು ನಮಗೆ" ಅಂತ ಗೆರೆ ಎಳೆದರೆ ಕೆಟ್ಟಿತು. ಎಷ್ಟೋ ವಿಷಯದಲ್ಲಿ ಹವ್ಯಾಸಿಗಳಿಗೇ ಜಾಸ್ತಿ ಗೊತ್ತಿರುತ್ತದೆ.

ಧಾರವಾಡ ಸೀಮೆಯ ಕಸೂತಿಯನ್ನೇ ತಗೊಳ್ಳಿ. ಗೋಡೆ ಮೇಲೆ ಕಸೂತಿ ಆನೆ, ಗೋಪುರ, ತೇರು ಬಿಡಿಸಬೇಕು ಅಂತ ಓಣಿಯವರು ಆರಿಸಿದರು ಅಂದುಕೊಳ್ಳಿ. ಕಲಾವಿದರು ಚಂದ ಕಾಣಲಿ ಅಂತ ಆನೆಯ ಸೊಂಡಿಲಿಗೆ ಬಳುಕು ಕೊಟ್ಟರೆ, ಬೆನ್ನನ್ನು ದುಂಡಗೆ ಮಾಡಿದರೆ, ಅದು ಒಳ್ಳೆಯ ಆನೆ ಆಗಬಹುದು, ಕಸೂತಿ ಆಗುವುದಿಲ್ಲ. ಕಸೂತಿಯಲ್ಲಿ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗಾವಂತಿ ಹೊಲಿಗೆ ನೆಟ್ಟಗೆ, ಅಡ್ಡ, ಓರೆ ಇಷ್ಟೇ ಓಡುತ್ತದೆ, ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮುರಗಿ ಮೆಟ್ಟಿಲಿನಂತೆ ಏರಿಳಿಯುತ್ತದೆ. ಮೆಂತೆಯಲ್ಲಿ ಎಳೆಗಳು ಒಂದರ ಮೇಲೊಂದು ಅಡ್ಡ ಬೀಳುತ್ತವೆ. ನೇಗಿ, ನೇಯ್ದ ಹಾಗೆ ಕಾಣುವ ಹೊಲಿಗೆ. ಯಾವುದು ಎಲ್ಲಿ ಬರಬೇಕು ಅನ್ನುವುದು ಕಸೂತಿ ಹಾಕುವ ಅಜ್ಜಿಗೆ ಗೊತ್ತು. ಬಿವಿಎ, ಅಂದರೆ ದೃಶ್ಯಕಲೆಯ ಪದವಿ ಮಾಡಿದ ಹುಡುಗನಿಗೆ ಗೊತ್ತಿರಬೇಕು ಅಂತೇನಿಲ್ಲ.

ಹಾಗಾಗಿ ಇಂಥ ಗೋಡೆಯಲ್ಲಿ ನಮೂನೆಯ ಕೊನೆಯ ಮಾತು ಅಜ್ಜಿಯದ್ದು. ಅದನ್ನು ಗೋಡೆಯ ಅಳತೆಗೆ ದೊಡ್ಡದು ಮಾಡುವ ಕೆಲಸ ಕಲಾವಿದರದ್ದು. ಒಂದು ಹೊಲಿಗೆಗೆ 3 ಇಂಚಿನ ಒಂದು ಚೌಕ ಅಂತ ಇಟ್ಟುಕೊಂಡರೆ, 32 ಹೊಲಿಗೆ ಅಗಲದ ಗೋಪುರ 8 ಅಡಿ ಆಗುತ್ತದೆ. ಗೆರೆಗೆ ಮುಕ್ಕಾಲು ಇಂಚಿನ ಚಪ್ಪಟೆ ಬ್ರಷ್. ದೂರದಿಂದ ನೋಡಿದಾಗ ದಾರದ ದಪ್ಪ ಸರಿ ಅನ್ನಿಸಬೇಕು, ಇದನ್ನು ಹೇಳುವವರು ಕಲಾವಿದರು. ಎಣಿಕೆ ತಪ್ಪಿದೆ ಅಂತ ಹೇಳುವವರು ಅಜ್ಜಿ. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಲೇಬೇಕು.

ರಂಗೋಲಿ ಹಾಕುವವರ ವಿಷಯವೂ ಇದೇ. ಹದಿನೈದು ಚುಕ್ಕಿಯಿಂದ ಒಂದರವರೆಗೆ ಇಳಿಸಿಕೊಂಡು ಬರುವ ಕೈಗೆ ಗ್ರಿಡ್, ಅಂದರೆ ಚೌಕ ಹಾಕಿ ಚಿತ್ರ ದೊಡ್ಡದು ಮಾಡುವ ವಿಧಾನ, ಹೊಸದಾಗಿ ಕಲಿಸಬೇಕಿಲ್ಲ.

ಹಂತ 3: ದುಡ್ಡು, ಹೆಸರು, ಹಕ್ಕು. ಕಾಗದದ ಮೇಲೆ

"ನಮ್ಮವರೇ ಅಲ್ವಾ, ಬರೆದುಕೊಳ್ಳೋದು ಯಾಕೆ?" ಅನ್ನುತ್ತಾರೆ. ನಮ್ಮವರು ಅಂತಲೇ ಬರೆಯಬೇಕು. ನಾಳೆ ಮುಖ ನೋಡಬೇಕಲ್ಲ.

ವೃತ್ತಿಪರರಿಗೆ ಸಂಭಾವನೆ ಕೊಡಿ. ಮೂರು ಕಂತಲ್ಲಿ ಕೊಡುವುದು ಒಳ್ಳೆಯದು: ಕರಡು ಒಪ್ಪಿಗೆಯಾದಾಗ, ಗೋಡೆಗೆ ಗೆರೆ ಇಳಿದಾಗ, ಕೆಲಸ ಮುಗಿದಾಗ. ಪೇಂಟರಿಗೆ ದಿನದ ಪಗಾರ, ಆಯಾ ದಿನವೇ. ಹವ್ಯಾಸಿಗಳಿಗೆ ಪಗಾರ ಇಲ್ಲ, ಆದರೆ ಚಹಾ, ನಾಷ್ಟಾ, ಬಸ್ ಚಾರ್ಜು ಅವರ ಕಿಸೆಯಿಂದ ಹೋಗಬಾರದು. ಕೂಲಿ ಬಿಟ್ಟು ಬರುವ ಹವ್ಯಾಸಿ ಇದ್ದರೆ ಅವರಿಗೂ ಆ ದಿನದ್ದು ಕೊಡಿ. ಇಲ್ಲದಿದ್ದರೆ ನಿಮ್ಮ ಸಮುದಾಯ ಕಲೆಯಲ್ಲಿ ಬಿಡುವಿದ್ದವರು ಮಾತ್ರ ಉಳಿಯುತ್ತಾರೆ.

ಹಕ್ಕಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ದುಡ್ಡು ಕೊಟ್ಟು ಹೇಳಿ ಬಿಡಿಸಿಕೊಂಡ ವರ್ಣಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಬಿಡಿಸಿಕೊಂಡವರಿಗೆ ಹೋಗುತ್ತದೆ. ಆದರೆ 57ನೇ ಕಲಂ ಕಲಾವಿದರಿಗೆ ಇನ್ನೊಂದು ರಕ್ಷಣೆ ಕೊಡುತ್ತದೆ. ಇದಕ್ಕೆ ನೈತಿಕ ಹಕ್ಕು ಅನ್ನುತ್ತಾರೆ: ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು, ತನ್ನ ಮರ್ಯಾದೆಗೆ ಧಕ್ಕೆ ಬರುವ ಹಾಗೆ ಅದನ್ನು ಕೆಡಿಸಿದರೆ ಕೇಳುವ ಹಕ್ಕು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೇ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ಜಗಳ ನಿಮ್ಮ ಓಣಿಗೆ ಬರಲಿಕ್ಕಿಲ್ಲ. ಆದರೂ ಒಂದು ಪುಟದ ಕರಾರಿನಲ್ಲಿ ಇಷ್ಟು ಇರಲಿ: ಚಿತ್ರ ಕನಿಷ್ಠ ಎಷ್ಟು ವರ್ಷ ಉಳಿಯಬೇಕು, ಅಳಿಸುವ ಮೊದಲು ಎಷ್ಟು ದಿನದ ನೋಟಿಸು ಕೊಡಬೇಕು, ಫೋಟೊ ಯಾರು ಎಲ್ಲಿ ಬಳಸಬಹುದು, ಕ್ಯಾಲೆಂಡರ್‌ಗೋ ಟೀ ಶರ್ಟಿಗೋ ಹಾಕಿ ಮಾರಿದರೆ ದುಡ್ಡು ಯಾರಿಗೆ.

ಹೆಸರಿನ ಫಲಕದ ಬಗ್ಗೆಯೂ ಈಗಲೇ ತೀರ್ಮಾನಿಸಿ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರ ಹೆಸರೂ ಒಂದೇ ಗಾತ್ರದಲ್ಲಿ, ಅಕಾರಾದಿಯಾಗಿ ಇರಲಿ. ರಚನೆ ಯಾರದ್ದು ಅನ್ನುವುದನ್ನು ಮಾತ್ರ ಬೇರೆ ಸಾಲಲ್ಲಿ ಬರೆಯಿರಿ, ಕಲಾವಿದರಿಗೆ ಮುಂದಿನ ಕೆಲಸ ಸಿಗಲು ಅದು ಬೇಕು. ಉದ್ಘಾಟನೆ ಮಾಡಿದವರ ಹೆಸರು ಬಿಡಿಸಿದವರ ಹೆಸರಿಗಿಂತ ದೊಡ್ಡದಾಗಿ ಬರೆಯುವ ಚಾಳಿ ನಮ್ಮ ಕಡೆ ಇದೆ. ಅದಕ್ಕೆ ಈ ಸಭೆಯಲ್ಲೇ ಬೇಲಿ ಹಾಕಿಬಿಡಿ.

ಹಂತ 4: ಗೋಡೆ ಆರಿಸಿ, ಅನುಮತಿ ತಗೊಳ್ಳಿ

ಎಲ್ಲ ಗೋಡೆಯೂ ಚಿತ್ರಕ್ಕೆ ಆಗಿಬರುವುದಿಲ್ಲ. ಗದಗ, ನವಲಗುಂದ, ಹುಬ್ಬಳ್ಳಿಯ ಮೂಡಣ ಭಾಗ ಎರೆ ಭೂಮಿ. ಈ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಬುನಾದಿ ಆಳ ಇಲ್ಲದ ಕಂಪೌಂಡ್ ಗೋಡೆ ಅದರ ಜತೆಗೇ ಅಲುಗಾಡುತ್ತದೆ. ಓರೆ ಬಿರುಕು ಕಂಡರೆ ಆ ಗೋಡೆ ಬಿಡಿ. ಪುಟ್ಟಿ ತುಂಬಿದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ತೇವ ಇದೆಯಾ ನೋಡಲು ಒಂದು ಸುಲಭ ಪರೀಕ್ಷೆ: ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಮರುದಿನ ಒಳಗೆ ನೀರ ಹನಿ ಕಂಡರೆ ಗೋಡೆ ಒಣಗಿಲ್ಲ. ಬುಡದಲ್ಲಿ ಬಿಳಿ ಪುಡಿ ಎದ್ದಿದ್ದರೆ ಅದು ಉಪ್ಪು. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸದೇ ಬಣ್ಣ ಹಚ್ಚಿದರೆ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ಹೊಸ ಗಿಲಾವು ಆಗಿದ್ದರೆ 28 ದಿನ ಬಿಡಿ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ, ಬಣ್ಣ ಬೇಗ ಮಾಸುತ್ತದೆ. ಸಾಧ್ಯವಾದರೆ ಉತ್ತರಕ್ಕೋ ಮೂಡಣಕ್ಕೋ ಮುಖ ಇರುವ ಗೋಡೆ ನೋಡಿ.

ಅನುಮತಿ. ಸರ್ಕಾರಿ ಶಾಲೆ ಗೋಡೆಯಾದರೆ ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ, ಅಂದರೆ ಪಾಲಕರೂ ಇರುವ ಶಾಲಾ ಅಭಿವೃದ್ಧಿ ಸಮಿತಿ, ಇವರ ಒಪ್ಪಿಗೆ ಪತ್ರ ಬೇಕು. ಒಂದು ಪ್ರತಿ ಬಿಇಒ ಕಚೇರಿಗೆ ಕೊಡಿ. ರಸ್ತೆ ಬದಿಯ ಸಾರ್ವಜನಿಕ ಗೋಡೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆಯ ವಲಯ ಕಚೇರಿ, ಗದಗ-ಬೆಟಗೇರಿ ಮತ್ತು ಹಾವೇರಿಯಲ್ಲಿ ನಗರಸಭೆ, ಹಳ್ಳಿಯಲ್ಲಿ ಪಿಡಿಒ. ರೈಲ್ವೆ, ಹೆಸ್ಕಾಂ, ಸಾರಿಗೆ ಸಂಸ್ಥೆಯ ಗೋಡೆಗೆ ಅವರವರನ್ನೇ ಕೇಳಬೇಕು. ಖಾಸಗಿ ಗೋಡೆಗೂ ಮಾಲೀಕರ ಸಹಿ ಇರುವ ಕಾಗದ ಬೇಕು, ಬಾಯಿಮಾತು ನಡೆಯುವುದಿಲ್ಲ. ಕರಡು ಚಿತ್ರ, ಗೋಡೆಯ ಫೋಟೊ, ಅಳತೆ, ಜವಾಬ್ದಾರರ ಹೆಸರು ಅರ್ಜಿಗೆ ಲಗತ್ತಿಸಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೇ ಬರಬೇಡಿ.

ಎರಡು ಎಚ್ಚರಿಕೆ. ಒಂದು, ಪ್ರಾಯೋಜಕರ ಲೋಗೊ. ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆ ಇದೆ. ಅನುಮತಿ ಇಲ್ಲದ ಜಾಹೀರಾತು, ಬರಹಗಳಿಗೆ ಅದರಲ್ಲಿ ಶಿಕ್ಷೆ ಇದೆ. ಚಿತ್ರದ ನಡುವೆ ಅಂಗಡಿಯ ಲೋಗೊ ಕೂತರೆ ಅದನ್ನು ಜಾಹೀರಾತು ಅಂತಲೇ ನೋಡಬಹುದು. ದುಡ್ಡು ಕೊಟ್ಟವರ ಹೆಸರು ಫಲಕದಲ್ಲಿ ಒಂದು ಸಾಲು ಸಾಕು.

ಎರಡು, ಹಳೆಯ ಗುಡಿಗಳು. ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಗುಡಿಗಳು, ಹಾವೇರಿಯ ಸಿದ್ಧೇಶ್ವರ, ಉಣಕಲ್ಲಿನ ಚಂದ್ರಮೌಳೇಶ್ವರ ಇವೆಲ್ಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಮ ಮುಖ್ಯವಾಗಿ ಕಟ್ಟಡ, ರಿಪೇರಿ ಕೆಲಸಕ್ಕೆ. ಆದರೂ ಆ ವ್ಯಾಪ್ತಿಯ ಗೋಡೆ ಮುಟ್ಟುವ ಮೊದಲು ಇಲಾಖೆಯ ಧಾರವಾಡ ಕಚೇರಿಯನ್ನು ಕೇಳಿ. ಸ್ಮಾರಕದ ಕಲ್ಲಿಗಂತೂ ಸೀಮೆಸುಣ್ಣವನ್ನೂ ತಾಗಿಸಬೇಡಿ.

ಕಾಲದ ಲೆಕ್ಕ: ಗಣೇಶ ಚೌತಿ ಮುಗಿಯುತ್ತಿದ್ದಂತೆ ಅರ್ಜಿ ಹಾಕಿ, ದೀಪಾವಳಿ ಮುಗಿದ ಮೇಲೆ ಕೆಲಸ ಶುರು ಮಾಡಿ. ಡಿಸೆಂಬರ್, ಜನವರಿ ಬಣ್ಣಕ್ಕೂ ಒಳ್ಳೆಯದು, ನಿಲ್ಲುವ ಕಾಲಿಗೂ ಒಳ್ಳೆಯದು. ಚುನಾವಣೆ ಘೋಷಣೆ ಆಗುವ ಸೂಚನೆ ಇದ್ದರೆ ಮುಂದೂಡಿ.

ಹಂತ 5: ಕರಡು

ವಿಷಯ ಕೇಳುವಾಗ "ಏನು ಬಿಡಿಸೋಣ?" ಅಂತ ಸುಮ್ನೆ ಕೇಳಬೇಡಿ. ಭಾರತಮಾತೆ, ಸ್ವಚ್ಛ ಭಾರತ, ಗಿಡ ನೆಡಿ ಇವಷ್ಟೇ ಬರುತ್ತವೆ. "ಈ ಓಣಿಯಲ್ಲಿ ಮೊದಲು ಏನಿತ್ತು, ಈಗ ಇಲ್ಲ?" ಅಂತ ಕೇಳಿ. "ಹೊರಗಿನವರಿಗೆ ಈ ಓಣಿಯ ಗುರುತು ಹೇಗೆ ಹೇಳುತ್ತೀರಿ?" ಅಂತ ಕೇಳಿ. ಬೆಟಗೇರಿಯಲ್ಲಿ ಮಗ್ಗ ಬರುತ್ತದೆ, ಹಾವೇರಿಯಲ್ಲಿ ಯಾಲಕ್ಕಿ ಮಾಲೆ ಬರುತ್ತದೆ, ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕಿದ ಕಣ ಬರುತ್ತದೆ. ಹಳೇ ಹುಬ್ಬಳ್ಳಿಯಲ್ಲಿ ಹೋಳಿಯ ಕಾಮಣ್ಣ ಬಂದೇ ಬರುತ್ತಾನೆ.

ಯಾವ ಜಾತಿ, ಧರ್ಮ, ಪಕ್ಷದ ಗುರುತು ಯಾರಿಗೆ ಚುಚ್ಚಬಹುದು ಅನ್ನುವುದನ್ನೂ ಇಲ್ಲೇ ಮಾತಾಡಿ ಮುಗಿಸಿ. ಮಹಾತ್ಮರ ಮುಖ ಬಿಡಿಸುವ ಆಸೆ ಇದ್ದರೆ ಎರಡು ಸಲ ಯೋಚಿಸಿ. ಹೋಲಿಕೆ ಸ್ವಲ್ಪ ತಪ್ಪಿದರೂ ಅವಮಾನ ಅನ್ನುತ್ತಾರೆ, ಸರಿ ಬಂದರೆ ಅವರನ್ನೇ ಯಾಕೆ ಬಿಡಿಸಿದಿರಿ, ಇವರನ್ನು ಯಾಕೆ ಬಿಟ್ಟಿರಿ ಅನ್ನುತ್ತಾರೆ.

ಕಲಾವಿದರು ಕರಡನ್ನು 30 ಇಂಚು ಉದ್ದ, 8 ಇಂಚು ಎತ್ತರದ ಹಾಳೆಯಲ್ಲಿ ಮಾಡಲಿ. ಹಾಳೆಯ ಒಂದು ಇಂಚು ಗೋಡೆಯ ಒಂದು ಅಡಿ, ಲೆಕ್ಕ ಸಲೀಸು. ರಚನೆ ಮಾಡುವಾಗಲೇ ಅವರು ಒಂದು ವಿಷಯ ಯೋಚಿಸಬೇಕು: ಬೇರೆ ಬೇರೆ ಕೈ ಬಿದ್ದಷ್ಟೂ ಚಂದ ಆಗುವ ಭಾಗಗಳು ಯಾವುವು? ಎಲೆ, ಹಕ್ಕಿ, ಹೊಲಿಗೆ, ಹಂಚು, ಕಿಟಕಿ, ಮಾಲೆಯ ಒಂದೊಂದು ಯಾಲಕ್ಕಿ. ಮುಖ, ಕೈಬೆರಳು, ಅಕ್ಷರ ಇವು ಪಳಗಿದ ಕೈ ಬೇಡುತ್ತವೆ. ಗೋಡೆಯ ಅರ್ಧಕ್ಕಿಂತ ಹೆಚ್ಚು ಮೊದಲ ಬಗೆಯದು ಇರುವಂತೆ ರಚಿಸಿದರೆ ಮುಂದೆ ತಿದ್ದುವ ಜಗಳವೇ ಕಡಿಮೆ.

ಹಲವು ಕೈ ಸೇರಿದ ಕೆಲಸ ಒಂದೇ ಹದದಲ್ಲಿ ಹೇಗೆ ನಿಲ್ಲುತ್ತದೆ ಅಂತ ನೋಡಬೇಕಾದರೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ತಂಡವನ್ನೆಲ್ಲ ಕರೆದುಕೊಂಡು ಹೋಗಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಅನೇಕ ಕಲಾವಿದರು ದುಡಿದ ಜಾಗ ಅದು. ಹಳ್ಳಿಯ ಬದುಕೇ ಸಿಮೆಂಟಿನಲ್ಲಿ ನಿಂತಿದೆ. ಮುಂಡಾಸು, ಸೀರೆಯ ನೆರಿಗೆ, ಎತ್ತಿನ ಕೊರಳು ಮಾಡಿದ ರೀತಿ ಹತ್ತಿರ ಹೋಗಿ ನೋಡಿ.

ಹಂತ 6: ಗೋಡೆ ತಯಾರಿ, ಸಾಮಾನು

ಇದು ಪೇಂಟರ್ ಕೆಲಸ. ಉಳಿದವರು ಅವರು ಹೇಳಿದ ಹಾಗೆ ಮಾಡಿ. ಕ್ರಮ ಹೀಗೆ: ಎದ್ದ ಹಳೆ ಬಣ್ಣ ಕೆರೆಯುವುದು, ತಂತಿ ಬ್ರಷ್‌ನಿಂದ ತಿಕ್ಕುವುದು, ನೀರಿನಿಂದ ತೊಳೆಯುವುದು, ಎರಡು ದಿನ ಒಣಗಿಸುವುದು, ತೂತುಗಳಿಗೆ ಹೊರಗೋಡೆಯ ಪುಟ್ಟಿ, ಪಾಲಿಶ್ ಪೇಪರ್, ಆಮೇಲೆ ಪ್ರೈಮರ್. ಪ್ರೈಮರ್ ಅಂದರೆ ಬಣ್ಣ ಗೋಡೆಗೆ ಕಚ್ಚಿಕೊಳ್ಳಲು ಹಚ್ಚುವ ಮೊದಲ ಪದರ. ಅದನ್ನು ಉಳಿಸಲು ಹೋಗಬೇಡಿ.

ಹಳೇ ಎಣ್ಣೆಬಣ್ಣ ಕೆರೆಯುವಾಗ ಮಕ್ಕಳನ್ನು ದೂರ ಇಡಿ, ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ.

240 ಚದರ ಅಡಿಗೆ ಹೊರಗೋಡೆ ಪ್ರೈಮರ್ ಸುಮಾರು 3 ಲೀಟರ್. ಹಿನ್ನೆಲೆಗೆ ಎಕ್ಸ್‌ಟೀರಿಯರ್ ಎಮಲ್ಷನ್, ಅಂದರೆ ಮಳೆ ಬಿಸಿಲು ತಡೆಯುವ ನೀರು ಬೆರೆಸುವ ಬಣ್ಣ, ಎರಡು ಕೋಟ್‌ಗೆ 4ರಿಂದ 5 ಲೀಟರ್. ಚಿತ್ರಕ್ಕೆ ಆರೇಳು ಬಣ್ಣ, ಒಂದೊಂದು ಲೀಟರ್. ಡಿಸ್ಟೆಂಪರ್ ಅಗ್ಗ ಅಂತ ತರಬೇಡಿ, ಒಂದು ಮಳೆಗಾಲಕ್ಕೆ ಮುಗಿಯುತ್ತದೆ.

ಬಣ್ಣ ಆರಿಸುವಾಗ ಕೆಮ್ಮಣ್ಣು, ಕಾವಿ, ಹಳದಿ ಮಣ್ಣು, ಕಪ್ಪು ಇಂಥ ಕಬ್ಬಿಣದ ಆಕ್ಸೈಡಿನ ಬಣ್ಣಗಳನ್ನು ಜಾಸ್ತಿ ಬಳಸಿ. ಬಿಸಿಲಿಗೆ ಇವು ಜಗ್ಗುವುದಿಲ್ಲ. ಗಾಢ ಗುಲಾಬಿ, ಥಳಥಳಿಸುವ ಕೆಂಪು, ನಿಂಬೆ ಹಳದಿ ಮೊದಲು ಮಾಸುತ್ತವೆ. ಮಿಶ್ರಣ ಮಾಡಿದ ಪ್ರತಿ ಬಣ್ಣವನ್ನೂ ಬೇಕಾದಷ್ಟು ಒಂದೇ ಸಲ ಕಲಸಿ ಡಬ್ಬಿಗೆ ನಂಬರ್ ಹಾಕಿ. ಮರುದಿನ ಅದೇ ಬಣ್ಣ ಮತ್ತೆ ಕಲಸಲು ಯಾರಿಂದಲೂ ಆಗುವುದಿಲ್ಲ, ವೃತ್ತಿಪರರಿಂದಲೂ.

ಬುಡದ ಒಂದೂವರೆ ಅಡಿ ಕೆಮ್ಮಣ್ಣಿನ ಬಣ್ಣದ ಪಟ್ಟಿ ಬಿಡಿ. ಮಳೆ ಹನಿ ಸಿಡಿಸುವ ರಾಡಿ, ಗುಟ್ಕಾ ಉಗುಳು ಎರಡೂ ಅಲ್ಲಿಗೇ ಬೀಳುವುದು. ಉಚ್ಚೆ ಹೊಯ್ಯಬಾರದು ಅಂತ ದೇವರ ಚಿತ್ರ ಹಾಕುವ ಉಪಾಯ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹೊಯ್ಯುವವರು ನಿಲ್ಲುವುದಿಲ್ಲ, ದೇವರ ಮರ್ಯಾದೆ ಹೋಗುತ್ತದೆ, ಜಗಳ ನಿಮ್ಮ ಕೊರಳಿಗೆ ಬೀಳುತ್ತದೆ. ಅಲ್ಲೊಂದು ದೀಪ ಹಾಕಿಸಿ.

ಹಂತ 7: ಗೆರೆ ಇಳಿಸಿ, ಬಣ್ಣ ತುಂಬಿ

ಗೋಡೆ ಮೇಲೆ ಬಣ್ಣದ ಪುಡಿ ಹಚ್ಚಿದ ದಾರ ಎಳೆದು ಒಂದೊಂದು ಅಡಿ ಚೌಕ ಹಾಕಿ. ಕರಡಿನ ಒಂದು ಚೌಕದಲ್ಲಿ ಇರುವುದನ್ನು ಗೋಡೆಯ ಅದೇ ಚೌಕಕ್ಕೆ ಇಳಿಸಿ. ಒಂದೇ ನಮೂನೆ ಹತ್ತಾರು ಕಡೆ ಬರುವುದಿದ್ದರೆ ಕಾಗದದ ಮೇಲೆ ಗೆರೆಗುಂಟ ಸೂಜಿಯಿಂದ ತೂತು ಹಾಕಿ, ಇದ್ದಿಲ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ಮೇಲೆ ತಟ್ಟಿ. ಬಜಾರದಲ್ಲಿ ಸಿಗುವ ರಂಗೋಲಿ ಅಚ್ಚು ಕೆಲಸ ಮಾಡುವುದೂ ಹೀಗೆಯೇ. ಪ್ರೊಜೆಕ್ಟರ್ ಇದ್ದರೆ ರಾತ್ರಿ ಒಂದೇ ತಾಸಿನಲ್ಲಿ ಗೆರೆ ಮುಗಿಯುತ್ತದೆ, ಆದರೆ ಹವ್ಯಾಸಿಗಳಿಗೆ ಅದರಿಂದ ಕಲಿಯಲು ಏನೂ ಸಿಗುವುದಿಲ್ಲ. ನಾನಾದರೆ ಚೌಕವನ್ನೇ ಆರಿಸುತ್ತೇನೆ.

ಗೋಡೆ ಮುಟ್ಟುವ ಮೊದಲು ಒಂದು ಸಂಜೆ ಪ್ಲೈವುಡ್ ಹಲಗೆಗೆ ಪ್ರೈಮರ್ ಹಚ್ಚಿ ಎಲ್ಲರಿಗೂ ಕೊಡಿ. ಬ್ರಷ್ ಎಷ್ಟು ಅದ್ದಬೇಕು, ಅಂಚು ಹೇಗೆ ಎಳೆಯಬೇಕು, ಎರಡನೇ ಕೋಟ್ ಯಾವಾಗ. ಪೇಂಟರ್ ತೋರಿಸಲಿ. ಯಾರ ಕೈ ನೆಟ್ಟಗೆ, ಯಾರ ಕೈ ಬಿರುಸು ಅಂತ ಆಗಲೇ ಗೊತ್ತಾಗುತ್ತದೆ, ಭಾಗ ಹಂಚಲು ಸುಲಭ. ಮೇಲೆ ಹತ್ತಲಾಗದ ಹಿರಿಯರಿಗೆ ಬೇಕಾದರೆ ಇಂಥ ಹಲಗೆಯ ಮೇಲೆಯೇ ಒಂದು ಭಾಗ ಕೊಟ್ಟು, ಆಮೇಲೆ ಗೋಡೆಗೆ ಜೋಡಿಸಬಹುದು.

ಕೆಲಸ ಬೆಳಿಗ್ಗೆ 7ರಿಂದ ಹತ್ತೂವರೆ, ಸಂಜೆ 4ರಿಂದ ಕತ್ತಲಾಗುವವರೆಗೆ. ಕಾದ ಗೋಡೆಗೆ ಹಚ್ಚಿದ ಬಣ್ಣ ಬ್ರಷ್ ಎಳೆಯುವಷ್ಟರಲ್ಲಿ ಒಣಗಿ ಗೀರು ಬೀಳುತ್ತದೆ. ಒಂದು ಕೋಟ್ ಆದ ಮೇಲೆ ಇನ್ನೊಂದಕ್ಕೆ ನಾಲ್ಕು ತಾಸು ಬಿಡಿ. ಹದಿನೆಂಟು ತುಂಬದವರು ಏಣಿ, ಅಟ್ಟಣಿಗೆ ಹತ್ತಬಾರದು. ಮಕ್ಕಳ ಫೋಟೊ ಹಾಕುವ ಮೊದಲು ಪಾಲಕರ ಸಹಿ ಇರಲಿ.

ಈಗ ಎಲ್ಲಕ್ಕಿಂತ ದೊಡ್ಡ ಗುಂಡಿ: ತಿದ್ದುವುದು. ಹವ್ಯಾಸಿ ಮನೆಗೆ ಹೋದ ಮೇಲೆ ಅವರ ಕೆಲಸದ ಮೇಲೆ ಬ್ರಷ್ ಎಳೆಯುವುದು. ಮರುದಿನ ಅವರು ಬಂದು ನೋಡುತ್ತಾರೆ, ಏನೂ ಹೇಳುವುದಿಲ್ಲ, ಮೂರನೇ ದಿನದಿಂದ ಬರುವುದಿಲ್ಲ. ಇದಕ್ಕೆ ನಿಯಮ ಬೇಕು:

- ತಿದ್ದುವುದು ಬಿಡಿಸಿದವರ ಎದುರಿಗೇ. ಸಾಧ್ಯವಾದರೆ ಬ್ರಷ್ ಅವರ ಕೈಯಲ್ಲೇ ಇರಲಿ, ಕಲಾವಿದರು ಬಾಯಲ್ಲಿ ಹೇಳಲಿ.
- ಗೆರೆ ದಾಟಿ ಪಕ್ಕದ ಭಾಗಕ್ಕೆ ಬಂದದ್ದು, ನಂಬರ್ ತಪ್ಪಿದ ಬಣ್ಣ, ಸೋರಿದ ಬಣ್ಣ ತಿದ್ದಬಹುದು.
- "ನಾನಾದರೆ ಹೀಗೆ ಬಿಡಿಸುತ್ತಿರಲಿಲ್ಲ" ಅನ್ನುವ ಕಾರಣಕ್ಕೆ ತಿದ್ದುವಂತಿಲ್ಲ.

ಕಲಾವಿದರಿಗೂ ಒಂದು ಮಾತು. ನಿಮ್ಮ ಹೆಸರು ಇರುವ ಗೋಡೆಯಲ್ಲಿ ಕುತ್ತಿಗೆ ಉದ್ದವಾದ ನವಿಲು ಇದ್ದರೆ ಮನಸ್ಸು ತಡೆಯುವುದಿಲ್ಲ, ನಿಜ. ಅಷ್ಟು ತಡೆಯಲಾಗದ ಭಾಗವನ್ನು ಮೊದಲೇ ನಿಮ್ಮ ಪಾಲಿಗೆ ಇಟ್ಟುಕೊಳ್ಳಿ. ಹವ್ಯಾಸಿಗಳೂ ಅಷ್ಟೇ, "ನಂದು ಸರಿ ಇದೆ ಬಿಡ್ರೀ" ಅನ್ನುವ ಮೊದಲು ಇಪ್ಪತ್ತು ಅಡಿ ಹಿಂದೆ ಹೋಗಿ ನೋಡಿ ಬನ್ನಿ.

ಕನ್ನಡ ಬರಹ ಇದ್ದರೆ ಅದನ್ನು ಬೋರ್ಡ್ ಬರೆಯುವವರೇ ಬರೆಯಲಿ. ಬರೆಯುವ ಮೊದಲು ಕನ್ನಡ ಮಾಸ್ತರರೊಬ್ಬರು ಹಾಳೆಯಲ್ಲಿ ಒಮ್ಮೆ ಓದಲಿ. ಒತ್ತಕ್ಷರ ತಪ್ಪಿದ ಸುಭಾಷಿತ ಐದು ವರ್ಷ ರಸ್ತೆಯಲ್ಲಿ ನಿಂತಿರುವುದು ಯಾರಿಗೂ ಬೇಡ.

ಹಂತ 8: ಮುಗಿದ ಮೇಲೆ

ಬಣ್ಣ ಪೂರ್ತಿ ಒಣಗಲು ಒಂದು ವಾರ ಬಿಟ್ಟು ಹೊರಗೋಡೆಗೆ ಆಗುವ ಪಾರದರ್ಶಕ ಕೋಟ್ ಒಂದನ್ನು ಹಚ್ಚಬಹುದು. ಮೊದಲು ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ, ಕೆಲವು ಬಣ್ಣ ಕಪ್ಪಾಗುತ್ತವೆ. ತುಂಬ ಹೊಳೆಯುವ ಕೋಟ್ ಬೇಡ, ಬಿಸಿಲಿಗೆ ಚಿತ್ರವೇ ಕಾಣುವುದಿಲ್ಲ.

ಉಳಿದ ಬಣ್ಣವನ್ನು ಹಂಚಿಕೊಂಡು ಮನೆಗೆ ಒಯ್ಯಬೇಡಿ. ಸಣ್ಣ ಡಬ್ಬಿಗೆ ತುಂಬಿ, ನಂಬರ್ ಮತ್ತು ದಿನಾಂಕ ಬರೆದು, ಕರಡಿನ ಒಂದು ಪ್ರತಿ ಜತೆಗಿಟ್ಟು ಶಾಲೆಯಲ್ಲೋ ಓಣಿಯ ಕಿರಾಣಿ ಅಂಗಡಿಯಲ್ಲೋ ಇಡಿ. ಮುಚ್ಚಳ ಬಿಗಿ ಇದ್ದರೆ ವರ್ಷದವರೆಗೂ ಸಣ್ಣಪುಟ್ಟ ರಿಪೇರಿಗೆ ಬರುತ್ತದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಗೋಡೆಯನ್ನು ಮೆತ್ತನೆಯ ಬ್ರಷ್‌ನಿಂದ ತೊಳೆದು, ಎದ್ದ ಜಾಗಕ್ಕೆ ಬಣ್ಣ ತಾಗಿಸುವ ಕೆಲಸ ಇಬ್ಬರ ಹೆಸರಿಗೆ ಬರೆದಿಡಿ: ಒಬ್ಬ ಹವ್ಯಾಸಿ, ಒಬ್ಬ ವೃತ್ತಿಪರ. ವೃತ್ತಿಪರರ ಆ ಒಂದು ದಿನದ ಪಗಾರವನ್ನು ಮೊದಲ ಬಜೆಟ್ಟಿನಲ್ಲೇ ತೆಗೆದಿಡಿ. ಆಮೇಲೆ ಚಂದಾ ಎತ್ತಲು ಹೋದರೆ ಯಾರೂ ಕೊಡುವುದಿಲ್ಲ.